ಶೌಚದ ಗುಂಡಿಗೆ ಪಂಚಾಯ್ತಿ ಹಣ, ಬೆಂಕಿ ಗಾಡಿಗೆ ಯಾರ ಹಣ?

ಅಣ್ಣಾ, ನಿಮ್ಮ ಪ್ರಶ್ನೆ ಎರಡು. ಮಳೆಗಾಲದಲ್ಲಿ ಶೌಚದ ಗುಂಡಿ ತುಂಬಿ ಮೇಲೆ ಬರ್ತಿದೆ, ಸರಿಯಾದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸೋಕೆ ಪಂಚಾಯ್ತಿ ಹಣ ಕೊಡುತ್ತಾ ಅನ್ನೋದು ಒಂದು. ಪಕ್ಕದವರ ಹುಲ್ಲಿನ ಬಣವೆ ಸುಟ್ಟು ಬೂದಿ ಆದ ಮೇಲೆ ಅಗ್ನಿಶಾಮಕ ದಳದ ಗಾಡಿ ಬಂತು, ಹಾಗಾದ್ರೆ ಪಂಚಾಯ್ತಿನೇ ಒಂದು ಬೆಂಕಿ ಗಾಡಿ ಯಾಕೆ ಇಟ್ಕೋಬಾರದು ಅನ್ನೋದು ಇನ್ನೊಂದು.

ಮೊದಲು ಗುಂಡಿ ವಿಷಯ. ಮೇಲೆ ಯಾರೋ "ಸ್ವಚ್ಛ ಭಾರತದಲ್ಲಿ 12 ಸಾವಿರ ಬರುತ್ತೆ, ಅರ್ಜಿ ಹಾಕಿ" ಅಂದಿದ್ದಾರೆ. ಅದು ಶೌಚಾಲಯವೇ ಇಲ್ಲದ ಅರ್ಹ ಕುಟುಂಬ ಹೊಸದಾಗಿ ಕಟ್ಟಿಸಿಕೊಂಡರೆ ಸಿಗುವ ಪ್ರೋತ್ಸಾಹಧನ; 7,200 ಕೇಂದ್ರದ್ದು, 4,800 ರಾಜ್ಯದ್ದು. ಇರುವ ಗುಂಡಿಯನ್ನು ಟ್ಯಾಂಕ್ ಮಾಡಿಸೋಕೆ ಅದು ಬರೋದಿಲ್ಲ. ಅದನ್ನು ನಂಬಿಕೊಂಡು ಸಿಮೆಂಟು ಇಳಿಸಬೇಡಿ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಒಂದೇ ಗುಂಡಿಯ ಶೌಚಾಲಯವನ್ನು, ಒಂದು ತುಂಬಿದಾಗ ಇನ್ನೊಂದನ್ನು ಬಳಸುವ ಎರಡು ಗುಂಡಿಗೆ ಬದಲಾಯಿಸಲು 2022ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಅಭಿಯಾನವನ್ನೇ ಶುರು ಮಾಡಿತ್ತು. ಪಂಚಾಯ್ತಿಗೆ ಬರುವ ಹಣದಲ್ಲೂ ನೈರ್ಮಲ್ಯಕ್ಕೆ ಮೀಸಲಾದ ಪಾಲು ಇದೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021-26) ಅನುದಾನದ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ನಿರ್ಬಂಧಿತವಾಗಿತ್ತು, ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ. ಈಗ ನಿಮ್ಮ ಪಂಚಾಯ್ತಿಯಲ್ಲಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟಿದೆ ಅಂತ ಪಿಡಿಒ ಹತ್ತಿರ ಲಿಖಿತವಾಗಿ ಕೇಳಿ. ವಾರ್ಡ್ ಸಭೆ, ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿ ಕ್ರಿಯಾಯೋಜನೆಗೆ ಸೇರಿಸದಿದ್ದರೆ ಒಂದು ರೂಪಾಯಿಯೂ ಹೊರಬರೋದಿಲ್ಲ. ಒಬ್ಬರೇ ಹೋಗಿ ನಮ್ಮನೆ ಟ್ಯಾಂಕಿಗೆ ಕೊಡಿ ಅನ್ನುವುದಕ್ಕಿಂತ, ಬಾವಿ ಹತ್ತಿರ ಗುಂಡಿ ಇರುವ ಮನೆಗಳನ್ನೆಲ್ಲ ಪಟ್ಟಿ ಮಾಡಿ ಕುಡಿಯುವ ನೀರು ಕೆಡುತ್ತಿರುವ ವಿಚಾರವಾಗಿ ಎತ್ತಿ.

ಹಣಕ್ಕಿಂತ ಮುಂಚೆ ರೋಗ ಏನು ಅಂತ ನೋಡಬೇಕು. ಬೇಸಿಗೆಯಲ್ಲಿ ಗುಂಡಿ ಸುಮ್ಮನಿದ್ದು ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಉಕ್ಕುತ್ತಿದ್ದರೆ ತುಂಬಿರೋದು ಮಲ ಅಲ್ಲ, ಮೇಲಕ್ಕೆ ಬಂದ ಅಂತರ್ಜಲ. ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದರೂ ಮತ್ತೆ ತುಂಬಿಕೊಳ್ಳುತ್ತೆ, ದುಡ್ಡು ದಂಡ. ಅಂಥ ಜಾಗದಲ್ಲಿ ಆಳ ಮಾಡಿದಷ್ಟೂ ಕೇಡು, ಕೊಳಚೆ ನೇರ ಬಾವಿಯ ನೀರಿಗೇ ಸೇರುತ್ತೆ. ಅಲ್ಲಿಗೆ ಸೋರದ, ಒಳಗೆಲ್ಲ ಗಾರೆ ಮಾಡಿದ ಎರಡು ಕೋಣೆಯ ಟ್ಯಾಂಕ್ ಬೇಕು. ಒಳಬರುವ, ಹೊರಹೋಗುವ ಎರಡೂ ಕಡೆ ಟಿ ಪೈಪು, ಮೇಲೊಂದು ಗಾಳಿ ಕೊಳವೆ, ಮುಚ್ಚಳ ಬಿಗಿಯಾಗಿರಬೇಕು. ಹೊರಬಂದ ನೀರು ಎತ್ತರದ ಜಾಗದ ಇಂಗುಗುಂಡಿಗೋ, ಆಳವಿಲ್ಲದ ಜಲ್ಲಿ ತುಂಬಿದ ಕಾಲುವೆಗೋ ಹೋಗಬೇಕು, ಚರಂಡಿಗಲ್ಲ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಪ್ರಕಾರ ಇಂಗುವ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ. ವಾಸದ ಮನೆಯಿಂದ 6 ಮೀಟರ್. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ನೆಲದ ಬಿರುಕುಗಳಲ್ಲಿ ನೀರು ಸೋಸದೆಯೇ ಓಡುತ್ತೆ, ಹಾಗಾಗಿ ಅಲ್ಲಿ ಇನ್ನೂ ದೂರ ಇಟ್ಟಷ್ಟೂ ಒಳ್ಳೇದು.

ವರ್ಷವಿಡೀ ನೀರು ಕೆಳಗೇ ಇರುವ ನೆಲವಾದರೆ ಟ್ಯಾಂಕಿನ ಗೊಡವೆಯೇ ಬೇಡ. ಹಳೇ ಗುಂಡಿಯಿಂದ ಕನಿಷ್ಠ ಒಂದು ಮೀಟರ್ ಬಿಟ್ಟು ಇನ್ನೊಂದು ಗುಂಡಿ, ನಡುವೆ ದಿಕ್ಕು ಬದಲಾಯಿಸುವ ಚೇಂಬರ್, ಅಷ್ಟೇ ಖರ್ಚು. ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೊಬ್ಬರವಾಗುತ್ತೆ. ಎರಡರಲ್ಲಿ ಯಾವುದೇ ಆದರೂ ಬಚ್ಚಲು ನೀರನ್ನು ಇದಕ್ಕೆ ಬಿಡಬೇಡಿ, ಅದಕ್ಕೆ ಬೇರೆ ಬಚ್ಚಲು ಗುಂಡಿ.

ಟ್ಯಾಂಕ್ ಕಟ್ಟಿದರೆ ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಲೇಬೇಕು. ಸಾರ್ವಜನಿಕ ಹಣ ಹೋಗಬೇಕಾದ ಜಾಗ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದೊಂದು ಮನೆಗೆ ಅಷ್ಟಿಷ್ಟು ಹಂಚುವ ಬದಲು ನಾಲ್ಕಾರು ಪಂಚಾಯ್ತಿ ಸೇರಿ ಒಂದು ಸಕ್ಕಿಂಗ್ ಗಾಡಿ, ಒಂದು ಮಲತ್ಯಾಜ್ಯ ಸಂಸ್ಕರಣಾ ಘಟಕ ಕೇಳಿ. ಸ್ವಚ್ಛ ಭಾರತ ಗ್ರಾಮೀಣ ಎರಡನೇ ಹಂತದಲ್ಲಿ ಮಲತ್ಯಾಜ್ಯ ನಿರ್ವಹಣೆಗೆ ಜನಸಂಖ್ಯೆಯ ಲೆಕ್ಕದಲ್ಲಿ ಒಬ್ಬರಿಗೆ 230 ರೂಪಾಯಿವರೆಗೆ ಅವಕಾಶ ಇಟ್ಟಿದ್ದರು. ದೇವನಹಳ್ಳಿಯಲ್ಲಿ 2015ರಿಂದ ಇಂಥ ಘಟಕ ಇದೆ, ಅಲ್ಲಿ ಒಣಗಿಸಿ ಕಾಂಪೋಸ್ಟ್ ಮಾಡಿದ್ದು ಹೊಲಕ್ಕೆ ಹೋಗುತ್ತೆ. ಘಟಕ ಇಲ್ಲದ ಕಡೆ ಗಾಡಿಯವರು ರಾತ್ರಿ ಹಳ್ಳಕ್ಕೆ ಸುರಿದರೆ ಕೆಳಗಿನ ಊರಿನವರು ಕುಡಿಯೋದು ಅದನ್ನೇ.

ಇಲ್ಲೊಂದು ಮಾತು ದಯವಿಟ್ಟು ಎಲ್ಲರೂ ಓದಿ. ಕೂಲಿಗೆ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಶಿಕ್ಷೆ ಇಳಿಸಿದವರಿಗೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದರೆ ಮೂಗಿಗೆ ವಾಸನೆಯೇ ಗೊತ್ತಾಗೋದಿಲ್ಲ, ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತೆ. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಅಣ್ಣ ತಮ್ಮಂದಿರೂ ಸಾಯೋದು ಹೀಗೇ. ಯಾರಾದರೂ ಬಿದ್ದರೆ ಇಳಿಯದೆ 112ಕ್ಕೆ ಫೋನ್ ಮಾಡಿ. ಉಸಿರಾಟದ ಉಪಕರಣ ಇಟ್ಟುಕೊಂಡು ಇಳಿಯೋರು ಅಗ್ನಿಶಾಮಕ ದಳದವರೇ. ಆ ದಳ ಹತ್ತಿರ ಇರಬೇಕು ಅನ್ನೋದಕ್ಕೆ ಬೆಂಕಿಯೊಂದೇ ಕಾರಣ ಅಲ್ಲ.

ಈಗ ಗಾಡಿ ವಿಷಯ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆ ಹೇಳಿರುವ 29 ವಿಷಯಗಳಲ್ಲಿ ಅಗ್ನಿಶಾಮಕ ಇಲ್ಲ. ನಗರಸಭೆಗಳ 12ನೇ ಅನುಸೂಚಿಯಲ್ಲಿದೆ. ಮುಂಬೈಯಲ್ಲಿ ಪಾಲಿಕೆಯೇ ನಡೆಸುತ್ತೆ. ನಮ್ಮ ರಾಜ್ಯದಲ್ಲಿ ಊರು, ನಗರ ಎರಡಕ್ಕೂ ಗೃಹ ಇಲಾಖೆಯ ಕೆಳಗಿನ ದಳವೇ, ಹಣ ರಾಜ್ಯ ಬಜೆಟ್ಟಿನದು. ಪಂಚಾಯ್ತಿ ಗಾಡಿ ಕೊಂಡರೂ ದಿನದ 24 ಗಂಟೆ ಚಾಲಕ, ತರಬೇತಾದ ಸಿಬ್ಬಂದಿಗೆ ಸಂಬಳ ಎಲ್ಲಿಂದ? ಗಾಡಿ ಷೆಡ್ಡಿನಲ್ಲಿ ತುಕ್ಕು ಹಿಡಿಯುತ್ತೆ. ಹಳ್ಳಿಗೆ 20 ನಿಮಿಷದಲ್ಲಿ ತಲುಪಬೇಕು ಅನ್ನೋದು ರಾಷ್ಟ್ರಮಟ್ಟದ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡ. ಠಾಣೆ ತಾಲ್ಲೂಕು ಕೇಂದ್ರದಲ್ಲಿದ್ದರೆ ಘಟ್ಟದ ರಸ್ತೆಯಲ್ಲಿ ಅದು ಆಗದ ಮಾತು. ಹಾಗಾಗಿ ಹೋಬಳಿಗೆ ಠಾಣೆ ಬೇಕು ಅಂತ ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿ, ಜಾಗದ ಸರ್ವೆ ನಂಬರ್ ಸಮೇತ ಶಾಸಕರಿಗೂ ಇಲಾಖೆಗೂ ಕಳಿಸಿ. ಕೇಂದ್ರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಲು 5,000 ಕೋಟಿಯ ಯೋಜನೆ ತಂದಾಗ ನಮ್ಮಂಥ ರಾಜ್ಯಗಳು 25% ತಮ್ಮ ಪಾಲು ಹಾಕಬೇಕಿತ್ತು. ಬೇಡಿಕೆ ಕಾಗದದ ಮೇಲೆ ಮೊದಲೇ ಇದ್ದರೆ ಇಂಥ ಹಣ ಬಂದಾಗ ನಿಮ್ಮ ಊರಿನ ಹೆಸರು ಎತ್ತೋಕೆ ಆಧಾರ ಇರುತ್ತೆ.

ಅಲ್ಲೀತನಕ ಪಂಚಾಯ್ತಿಯ ಸ್ವಂತ ತೆರಿಗೆ ಹಣದಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಸಾಮಾನ್ಯವಾಗಿ ಬರುವ ಗಾಡಿಯಲ್ಲಿ ಇರೋದು 4,500 ಲೀಟರ್ ಆಸುಪಾಸಿನ ನೀರು. ಖಾಲಿಯಾದರೆ ಮತ್ತೆ ತುಂಬಿಸೋದು ಎಲ್ಲಿ? ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಗೇಟ್ ವಾಲ್ವ್, ಅದಕ್ಕೆ ದಳದವರ ಪೈಪಿಗೆ ಕೂರುವ 63 ಮಿ.ಮೀ. ಕಪ್ಲಿಂಗ್ ಹಾಕಿಸಿ. ಅಳತೆ ಹೊಂದುತ್ತಾ ಅಂತ ಠಾಣೆಯವರನ್ನೇ ಕರೆದು ತೋರಿಸಿ, ತೋಟದ ದಾರಿಯ ಗೇಟು, ಜೋತುಬಿದ್ದ ವೈರು ಕೂಡ ನೋಡಲಿ. ಬಣವೆ ಬೆಂಕಿ ಒಳಗೊಳಗೇ ಉರಿಯೋದರಿಂದ ಬರೀ ನೀರಿಗೆ ಆರೋದಿಲ್ಲ, ಬಣವೆ ಕೆದಕಿ ಹರಡಬೇಕು; ಅದಕ್ಕೆ ಜೆಸಿಬಿಯವರ ನಂಬರ್ ಎಲ್ಲರ ಫೋನಲ್ಲಿ ಇರಲಿ.

ಬಾವಿಗೂ ಗುಂಡಿಗೂ ಎಷ್ಟು ಅಡಿ, ಎರಡರಲ್ಲಿ ಯಾವುದು ಎತ್ತರದಲ್ಲಿದೆ, ಮಳೆಗಾಲದಲ್ಲಿ ಬಾವಿ ನೀರು ಎಷ್ಟು ಮೇಲೆ ಬರುತ್ತೆ ಅಂತ ಅಳೆದು ಇಲ್ಲೇ ಹಾಕಿ. ಹಳೇ ಗುಂಡಿಯನ್ನು ಇಂಗುಗುಂಡಿಯಾಗಿ ಉಳಿಸಿಕೊಳ್ಳಬಹುದಾ, ಮುಚ್ಚಲೇಬೇಕಾ ಅಂತ ಅದನ್ನು ನೋಡಿ ಹೇಳ್ತೀನಿ.