ಎಕ್ಸೆಲ್ ಪ್ರಶ್ನೋತ್ತರ: ಎರರ್ ಬಾರದಿದ್ದರೂ ಲೆಕ್ಕ ತಪ್ಪಿದಾಗ

(ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ಪ್ರಶ್ನೆ: ನಮ್ಮ ಹಾಲು ಸಂಘದ ಲೆಕ್ಕವನ್ನು 2024ರ ಜನವರಿಯಿಂದ ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಎ ಕಾಲಮ್ಮಿನಲ್ಲಿ ತಾರೀಖು, ಬಿಯಲ್ಲಿ ಸದಸ್ಯರ ನಂಬರು, ಸಿಯಲ್ಲಿ ಲೀಟರ್, ಡಿಯಲ್ಲಿ ಫ್ಯಾಟ್. ಸಮ್‌ಇಫ್ಸ್ (ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಫಾರ್ಮುಲಾ) ಹಾಕಿ ಜೂನ್ ತಿಂಗಳ ಒಟ್ಟು ಹಾಲು ತೆಗೆದರೆ ರಿಜಿಸ್ಟರಿಗಿಂತ ತೀರಾ ಕಡಿಮೆ ಬರುತ್ತದೆ. ಸರಾಸರಿ ಫ್ಯಾಟ್ ಕೂಡ ತಾಳೆಯಾಗುವುದಿಲ್ಲ.
– ಸಂಘದ ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು

ಉತ್ತರ: ಮೊದಲು ಎ ಕಾಲಮ್ಮನ್ನು ಅಗಲ ಮಾಡಿ ನೋಡಿ. 12ರವರೆಗಿನ ತಾರೀಖುಗಳು ಬಲಕ್ಕೂ 13ರಿಂದ ಮುಂದಿನವು ಎಡಕ್ಕೂ ಅಂಟಿಕೊಂಡಿದ್ದರೆ ಕಾರಣ ಸಿಕ್ಕಿತು. ನಿಮ್ಮ ಕಂಪ್ಯೂಟರಿನ ರೀಜನ್ (ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್) ಅಮೆರಿಕದ್ದು. ಅದು ತಿಂಗಳನ್ನು ಮೊದಲು ಓದುತ್ತದೆ. 01/06/2024 ಎಂದು ಹೊಡೆದರೆ ಜನವರಿ 6 ಆಗುತ್ತದೆ. 13/06/2024ಕ್ಕೆ ಹದಿಮೂರನೇ ತಿಂಗಳು ಸಿಗದೆ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಹಾಗಾಗಿ ನೀವು ‘ಜೂನ್’ ಎಂದು ಕೂಡಿಸಿದ್ದು ನಿಜವಾಗಿ ಪ್ರತಿ ತಿಂಗಳ 6ನೇ ತಾರೀಖಿನ ಹಾಲನ್ನು!

ಖಚಿತ ಮಾಡಿಕೊಳ್ಳಲು 01/06/2024 ಇರುವ ಸೆಲ್ಲನ್ನು ಜನರಲ್ ಫಾರ್ಮ್ಯಾಟಿಗೆ ಬದಲಿಸಿ. ಎಕ್ಸೆಲ್ ತಾರೀಖನ್ನು ಒಳಗೆ ದಿನಗಳ ಎಣಿಕೆಯಾಗಿ ಇಡುತ್ತದೆ. ಜೂನ್ 1 ಆಗಿದ್ದರೆ 45444 ಕಾಣಬೇಕು, 45297 ಕಂಡರೆ ಅದು ಜನವರಿ 6. ಫಾರ್ಮ್ಯಾಟ್ ಬದಲಿಸಿದರೆ ತೋರಿಕೆ ಬದಲಾಗುತ್ತದೆಯೇ ಹೊರತು ಒಳಗಿನ ಸಂಖ್ಯೆ ಅಲ್ಲ. ಆದ್ದರಿಂದ ಹೊಸ ಕಾಲಮ್ ಮಾಡಿ ಇದನ್ನು ಹಾಕಿ:

=ಇಫ್(ಈಸ್‌ನಂಬರ್(ಎ2), ಡೇಟ್(ಇಯರ್(ಎ2), ಡೇ(ಎ2), ಮಂತ್(ಎ2)), ಡೇಟ್(ರೈಟ್(ಎ2,4), ಮಿಡ್(ಎ2,4,2), ಲೆಫ್ಟ್(ಎ2,2)))

ಅದಲುಬದಲಾದ ದಿನ–ತಿಂಗಳನ್ನು ಇದು ಸರಿಮಾಡುತ್ತದೆ, ಅಕ್ಷರವಾಗಿ ಉಳಿದದ್ದನ್ನು ತಾರೀಖು ಮಾಡುತ್ತದೆ. ದಿನ, ತಿಂಗಳು ಎರಡಂಕಿಯಲ್ಲೂ ವರ್ಷ ನಾಲ್ಕಂಕಿಯಲ್ಲೂ ಇರಬೇಕು. ಆದರೆ ಸರಿಯಾಗಿಯೇ ದಾಖಲಾದ ಸಾಲುಗಳಿಗೆ ಇದನ್ನು ಹಾಕಬೇಡಿ, ಅವು ಕೆಡುತ್ತವೆ. ಮುಂದಕ್ಕೆ ವಿಂಡೋಸ್ ರೀಜನ್ನನ್ನು ಇಂಗ್ಲಿಷ್ (ಇಂಡಿಯಾ) ಮಾಡಿಕೊಳ್ಳಿ. ಸಮ್‌ಇಫ್ಸ್‌ನ ಷರತ್ತನ್ನು ">="&ಡೇಟ್(2024,6,1) ಮತ್ತು "<"&ಡೇಟ್(2024,7,1) ಎಂದು ಬರೆದರೆ ಈ ಗೊಂದಲ ಮತ್ತೆ ಸುಳಿಯದು.

ಇನ್ನು ಫ್ಯಾಟ್. ಆವರೇಜ್ ಫಾರ್ಮುಲಾ ಇಲ್ಲಿ ಸಲ್ಲದು. ಒಬ್ಬರು 8 ಲೀಟರ್ ಹಸುವಿನ ಹಾಲು ಹಾಕಿದ್ದಾರೆ, ಫ್ಯಾಟ್ 3.5, ಇನ್ನೊಬ್ಬರದು 2 ಲೀಟರ್ ಎಮ್ಮೆ ಹಾಲು, 6.5. ಆವರೇಜ್ 5.0 ಎನ್ನುತ್ತದೆ. ಕ್ಯಾನಿನಲ್ಲಿ ಬೆರೆತ ಹತ್ತು ಲೀಟರಿನ ಫ್ಯಾಟ್ 4.1. ಎಷ್ಟು ಲೀಟರಿಗೆ ಎಷ್ಟು ಫ್ಯಾಟ್ ಎಂಬುದೂ ಲೆಕ್ಕಕ್ಕೆ ಸೇರಬೇಕು:

=ಸಮ್‌ಪ್ರಾಡಕ್ಟ್(ಸಿ2:ಸಿ500, ಡಿ2:ಡಿ500)/ಸಮ್(ಸಿ2:ಸಿ500)

ಫ್ಯಾಟ್ ತುಂಬದ ಸಾಲು ಇದ್ದರೆ ಇದು ಸೊನ್ನೆ ಎಂದೇ ಹಿಡಿದು ಸರಾಸರಿ ಇಳಿಸುತ್ತದೆ. ಖಾಲಿ ಸೆಲ್‌ಗಳನ್ನು ಮೊದಲೇ ಫಿಲ್ಟರ್ ಹಾಕಿ ಹುಡುಕಿ.

ಪ್ರಶ್ನೆ: ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ಅದೇ ಸಾಲಿನ ಬೇರೆ ಮಾಹಿತಿ ತರುವ ಫಾರ್ಮುಲಾ) ಕಲಿಸುವಾಗ ಕೆಲವು ವಿದ್ಯಾರ್ಥಿಗಳಿಗೆ ರಿಜಿಸ್ಟರ್ ನಂಬರಿಗೆ ಬೇರೆಯವರ ಹೆಸರು ಬರುತ್ತದೆ. ಏಕೆ?
– ಪಿಯು ಕಾಲೇಜಿನ ಉಪನ್ಯಾಸಕಿ, ಗದಗ

ಉತ್ತರ: ಫಾರ್ಮುಲಾದ ಆವರಣದೊಳಗಿನ ನಾಲ್ಕನೆಯ ಭಾಗವನ್ನು (ಹೊಂದಿಕೆ ನಿಖರವೋ ಸುಮಾರೋ ಎಂದು ಹೇಳುವುದು) ಬಿಟ್ಟಿರುತ್ತಾರೆ. ಬಿಟ್ಟರೆ ಎಕ್ಸೆಲ್ ‘ಸುಮಾರು ಹೊಂದಿಕೆ’ ಹುಡುಕುತ್ತದೆ. ಪಟ್ಟಿ ಏರಿಕೆ ಕ್ರಮದಲ್ಲಿದೆ ಎಂದು ನಂಬಿ ಯಾವುದೋ ಸಾಲು ಕೊಡುತ್ತದೆ. ರಿಜಿಸ್ಟರ್ ನಂಬರ್ ಹುಡುಕುವಾಗ ಫಾರ್ಮುಲಾದ ಕೊನೆಯಲ್ಲಿ 0 ಇರಲೇಬೇಕು. ಆದರೆ ಆ ಸುಮಾರು ಹೊಂದಿಕೆಯೂ ಪ್ರಯೋಜನದ್ದೇ, ಅದನ್ನೂ ಅದೇ ತರಗತಿಯಲ್ಲಿ ಕಲಿಸಿ: 0, 35, 50, 60, 85 ಎಂದು ಒಂದು ಕಾಲಮ್ಮಿನಲ್ಲಿ, ಪಕ್ಕದಲ್ಲಿ ಅನುತ್ತೀರ್ಣ, ಪಾಸು, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಎಂದು ಬರೆಸಿ, ಫಾರ್ಮುಲಾದ ಕೊನೆಗೆ 1 ಹಾಕಿಸಿ. ಶೇ. 72 ಪಡೆದವರಿಗೆ ಫಸ್ಟ್ ಕ್ಲಾಸ್ ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡಿದ ಮಕ್ಕಳು 0 ಹಾಕಲು ಮರೆಯುವುದು ಕಡಿಮೆ. ಪಟ್ಟಿಯ ವ್ಯಾಪ್ತಿಗೆ ಎಫ್4 ಒತ್ತಿ ಡಾಲರ್ ಚಿಹ್ನೆ ಹಾಕಿಸುವುದನ್ನೂ ಬಿಡಬೇಡಿ. ಇಲ್ಲವಾದರೆ ಫಾರ್ಮುಲಾ ಕೆಳಗೆ ಎಳೆದಂತೆ ಪಟ್ಟಿಯೂ ಜಾರುತ್ತದೆ.

ಪ್ರಶ್ನೆ: ಹೊಸ ಸಾಲು ಸೇರಿಸಿದರೂ ಡ್ಯಾಶ್‌ಬೋರ್ಡ್ ಹಳೆಯದನ್ನೇ ತೋರಿಸುತ್ತದೆ.
– ಓದುಗರು, ಪುತ್ತೂರು

ಉತ್ತರ: ಡ್ಯಾಶ್‌ಬೋರ್ಡಿನ ಹಿಂದೆ ಪಿವಟ್ ಟೇಬಲ್ (ದತ್ತಾಂಶವನ್ನು ಒಟ್ಟುಗೂಡಿಸಿ ತೋರಿಸುವ ಕೋಷ್ಟಕ) ಇದ್ದರೆ ಅದು ಸಾಮಾನ್ಯವಾಗಿ ತಾನಾಗಿ ಹೊಸದಾಗದು. ಮೂಲ ದತ್ತಾಂಶವನ್ನು ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿ, ಪಿವಟ್‌ಗೆ ಆ ಟೇಬಲ್ಲಿನ ಹೆಸರನ್ನೇ ಮೂಲವಾಗಿ ಕೊಡಿ. ಸಾಲು ಸೇರಿಸಿದ ಮೇಲೆ ಡೇಟಾ ಟ್ಯಾಬಿನಲ್ಲಿ ರಿಫ್ರೆಶ್ ಆಲ್ ಒತ್ತಿ.