‘ಹೌ ಲೇಟ್’ ಅಂದರೆ ಬೈಗುಳ ಅಲ್ಲ

ಪ್ರಶ್ನೆ: ಗೋಕರ್ಣದಲ್ಲಿ ನನ್ನದೊಂದು ಸಣ್ಣ ಅಂಗಡಿ. ಟೋಪಿ, ಬಟ್ಟೆಚೀಲ, ಸೋಪು, ಬಿಸ್ಕೆಟ್ ಇಟ್ಟುಕೊಂಡಿದ್ದೇನೆ. ಮೊನ್ನೆ ಸಂಜೆ ಫಾರಿನ್ ಹೆಂಗಸೊಬ್ಬರು ಬಂದು “ಹೌ ಲೇಟ್ ಆರ್ ಯೂ ಓಪನ್?” ಅಂದರು. ಬಾಗಿಲು ತೆಗೆದಿದ್ದು ತಡವಾಯ್ತು ಅಂತ ಬೈಯುತ್ತಿದ್ದಾರೆ ಅಂದುಕೊಂಡು “ನೋ ನೋ ಮೇಡಂ, ನಾಟ್ ಲೇಟ್, ಮಾರ್ನಿಂಗ್ ಏಟ್ ಓ ಕ್ಲಾಕ್” ಅಂದೆ. ಅವರು ನಕ್ಕು ಹೋದರು. ಪಕ್ಕದ ಅಂಗಡಿಯ ಹುಡುಗ ಈಗ ನನ್ನನ್ನು ‘ನಾಟ್ ಲೇಟ್ ಅಣ್ಣ’ ಅಂತಲೇ ಕರೆಯುತ್ತಾನೆ. ಅವರು ಕೇಳಿದ್ದೇನು? ಸಾಮಾನು ತರಲು ಮಡಗಾಂವ್‌ಗೆ ಹೋದಾಗ ನಾನು “ವೆನ್ ಯೂ ವಿಲ್ ಕ್ಲೋಸ್?” ಅಂತ ಕೇಳುತ್ತೇನೆ. ಅದಾದರೂ ಸರಿಯಾ?

ಉತ್ತರ: ಪಾಪ, ಅವರು ಬೈದಿಲ್ಲ ಮಾರಾಯ್ರೆ. ರಾತ್ರಿ ಎಷ್ಟು ಹೊತ್ತಿನವರೆಗೆ ಅಂಗಡಿ ಇರುತ್ತದೆ ಅಂತ ಕೇಳಿದ್ದು, ಅಷ್ಟೇ. “ಟಿಲ್ ನೈನ್” ಅಂದಿದ್ದರೆ ಮುಗಿಯುತ್ತಿತ್ತು. ನಮ್ಮ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದಲ್ಲ, ಆಗ ಪೇಟೆಯಲ್ಲಿ ಯಾರಾದರೂ ಹೀಗೆ ಕೇಳಿದರೆ “ಟಿಲ್ ಮಿಡ್‌ನೈಟ್” ಅಂದರೂ ನಡೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಅರ್ಥವೇನೋ ಆಗುತ್ತದೆ, ಯಾರೂ ಓಡಿಸುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ‘ವಿಲ್’, ‘ಡೂ’ ಇವೆಲ್ಲ ‘ಯೂ’ಗಿಂತ ಮೊದಲು ಬರಬೇಕು. ಅಂಗಡಿಯ ವೇಳೆ ದಿನವೂ ನಡೆಯುವ ವಿಷಯ, ಬಸ್ಸಿನ ಟೈಮ್ ಇದ್ದ ಹಾಗೆ, ಅದಕ್ಕೆ ‘ವಿಲ್’ ಬೇಡವೇ ಬೇಡ. “ವಾಟ್ ಟೈಮ್ ಡೂ ಯೂ ಕ್ಲೋಸ್?” ಅನ್ನಿ, ಸಾಕು. ಇವತ್ತಿನದು ಮಾತ್ರ ಬೇಕಾದರೆ ಕೊನೆಗೆ ‘ಟುಡೇ’ ಸೇರಿಸಿ. ಒಂದು ಮಾತ್ರ ನೆನಪಿಡಿ, ‘ಕ್ಲೋಸ್’ ಪಕ್ಕ ‘ಡೌನ್’ ಹಾಕಬೇಡಿ. “ವೆನ್ ಆರ್ ಯೂ ಕ್ಲೋಸಿಂಗ್ ಡೌನ್?” ಅಂದರೆ ವ್ಯಾಪಾರ ಬಿಟ್ಟು ಯಾವಾಗ ಮನೆಗೆ ಹೋಗುತ್ತೀರಿ ಅಂತ! ನಮ್ಮಲ್ಲೂ “ಅವರು ಅಂಗಡಿ ಮುಚ್ಚಿದರಂತೆ” ಅಂದರೆ ರಾತ್ರಿ ಶಟರ್ ಎಳೆದ ಸುದ್ದಿ ಅಲ್ಲ, ಅಲ್ವಾ?

ಬಾಗಿಲಿಗೆ ನೇತುಹಾಕುವ ಬೋರ್ಡನ್ನು ನೋಡಿದ್ದೀರಾ? ಒಂದು ಕಡೆ ‘ಓಪನ್’, ತಿರುಗಿಸಿದರೆ ‘ಕ್ಲೋಸ್ಡ್’. ಒಂದಕ್ಕೆ ಬಾಲ ಇದೆ, ಇನ್ನೊಂದಕ್ಕೆ ಇಲ್ಲ. ಕನ್ನಡದಲ್ಲಿ ತೆರೆದಿದೆ, ಮುಚ್ಚಿದೆ ಎರಡೂ ಒಂದೇ ಅಚ್ಚಿನವು, ಅದಕ್ಕೇ ನಾವು “ಈಸ್ ದ ಶಾಪ್ ಓಪನ್ಡ್?” ಅಂದುಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೇ ಅನ್ನುತ್ತಿದ್ದೆ. “ಆರ್ ಯೂ ಓಪನ್?” ಅನ್ನಬೇಕು. ಅಂಗಡಿಯವರನ್ನೇ ‘ಯೂ’ ಅಂದರೂ ಅದು ಅಂಗಡಿಯ ಮಾತೇ.

ನಿಜ ಹೇಳಬೇಕೆಂದರೆ ಮಡಗಾಂವ್‌ನಲ್ಲಿ ರಾತ್ರಿಯ ಟೈಮಿಗಿಂತ ಮಧ್ಯಾಹ್ನದ್ದೇ ಜಾಸ್ತಿ ಮುಖ್ಯ. ಗೋವಾದಲ್ಲಿ ಎಷ್ಟೋ ಅಂಗಡಿಯವರು ಊಟ ಮಾಡಿ ಒಂದು ನಿದ್ದೆ ತೆಗೆದೇ ಮತ್ತೆ ಬಾಗಿಲು ತೆಗೆಯುವುದು. ಸುಮ್ನೆ ಬಿಸಿಲಲ್ಲಿ ಕಾಯುವ ಬದಲು ಬೆಳಿಗ್ಗೆಯೇ ಫೋನ್ ಮಾಡಿ “ಡೂ ಯೂ ಕ್ಲೋಸ್ ಫಾರ್ ಲಂಚ್?” ಅಂತ ಕೇಳಿ. ಹೌದು ಅಂದರೆ, “ವಾಟ್ ಟೈಮ್ ಡೂ ಯೂ ಓಪನ್ ಅಗೇನ್?”

ಪ್ರಶ್ನೆ: ಮೊಬೈಲ್ ರಿಪೇರಿಯವರು “ಕಮ್ ಬೈ ಏಟ್” ಅಂದರು. ಕಾರವಾರದ ಟ್ರಾಫಿಕ್ ದಾಟಿ ಎಂಟೂ ಹತ್ತಕ್ಕೆ ಹೋದರೆ ಬೀಗ! ತಪ್ಪು ಯಾರದ್ದು?

ಉತ್ತರ: ನಿಮ್ಮದೇ. ‘ಬೈ ಏಟ್’ ಅಂದರೆ ಎಂಟರೊಳಗೆ ಬನ್ನಿ ಅಂತ. ‘ಟಿಲ್ ಏಟ್’ ಅಂದರೆ ಎಂಟರವರೆಗೆ ಇರುತ್ತೇವೆ ಅಂತ. ಎರಡರಲ್ಲೂ ಎಂಟೂ ಹತ್ತಕ್ಕೆ ಜಾಗ ಇಲ್ಲ. ಮುಂದಿನ ಸಲ ಶಟರ್ ಅರ್ಧ ಇಳಿದಿದ್ದು ಕಂಡರೆ ಬಗ್ಗಿ, ಮೆತ್ತಗೆ “ಆರ್ ಯೂ ಸ್ಟಿಲ್ ಓಪನ್?” ಅನ್ನಿ.