ಪೋಷಕರಿಗೆ ಆಸಕ್ತಿ ಇಲ್ಲ ಎಂದು ಬರೆಯುವ ಮುನ್ನ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕ ನಾನು. ಡಿಸೆಂಬರ್‌ನಲ್ಲಿ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಕರೆದಿದ್ದೆ. ಬಂದವರು ನಾಲ್ಕೇ ಜನ. ಹೆಚ್ಚಿನವರು ಓದು ಬಾರದ ಕೂಲಿಕಾರರು, ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲ. ಏನು ಮಾಡಲಿ?

ಉತ್ತರ: ಊರಿನ ಹೆಸರು ಬದಲಾಗಿ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತದೆ. ‘ಆಸಕ್ತಿ ಇಲ್ಲ’ ಎಂಬ ಮಾತು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಅಡಿಕೆ ಕೊಯ್ಲಿನ ನಡುವೆ ಬುಧವಾರ ಹನ್ನೊಂದು ಗಂಟೆಗೆ ಬರಬೇಕಾದರೆ ಕೂಲಿಯವರು ಆ ದಿನದ ದುಡಿಮೆಯನ್ನೇ ಬಿಡಬೇಕು. ಹಾಗೆ ಬಂದ ನಾಲ್ವರಿಗೆ ನೀವು ಅವರ ಮಗುವಿನ ಬಗ್ಗೆ ಏನು ಹೇಳಿದಿರಿ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಕಂಡದ್ದನ್ನು ನಾನು ಮರೆತಿಲ್ಲ. ಸ್ವಾಗತ, ಕಾಂಪೌಂಡಿಗೆ ದೇಣಿಗೆಯ ಮನವಿ, ವಂದನಾರ್ಪಣೆ, ಅಲ್ಲಿಗೆ ಸಭೆ ಮುಗಿಯಿತು. ನಡಾವಳಿ ಪುಸ್ತಕ ತಾಯಂದಿರ ಮುಂದೆ ಬಂತು. ಅಡಿಕೆಯ ಚೊಗರು ರಸ ಹತ್ತಿ ಕಪ್ಪಾದ ಬೆರಳುಗಳಲ್ಲಿ ಪೆನ್ನು ಹಿಡಿದು ಒಬ್ಬಾಕೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಸಹಿಯ ಮೇಲಿನ ಪುಟ ಪೂರ್ತಿ ಖಾಲಿ. ನಡಾವಳಿಯನ್ನು ಆಮೇಲೆ ಬರೆದುಕೊಳ್ಳುತ್ತಾರಂತೆ. ಪೆನ್ನು ಹಿಂದಿರುಗಿಸುತ್ತ ಆಕೆ ಕೇಳಿದ್ದು ಒಂದೇ ಮಾತು: ‘ನಮ್ಮ ಹುಡುಗಿ ಓದುತ್ತಾಳಾ?’ ಅಷ್ಟರಲ್ಲಿ ಕುರ್ಚಿ ಎತ್ತಿಡಲು ಶುರು ಮಾಡಿದ್ದರು. ಇದನ್ನು ಆಸಕ್ತಿ ಇಲ್ಲದಿರುವುದು ಎನ್ನುತ್ತೀರಾ?

ಆ ಪ್ರಶ್ನೆಗೆ ಉತ್ತರ ಕೊಡುವುದು ಉಪಕಾರವಲ್ಲ. ಮಗುವಿನ ಹಾಜರಾತಿಯನ್ನೂ ಕಲಿಕೆಯನ್ನೂ ಪೋಷಕರಿಗೆ ಆಗಾಗ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಯೋಜನೆ ತಯಾರಿಸುವುದು, ಅನುದಾನದ ಖರ್ಚು ಗಮನಿಸುವುದು ಅವರ ಕೆಲಸ. ನಮ್ಮ ರಾಜ್ಯದಲ್ಲಂತೂ 2001ರಿಂದಲೇ ಇಂಥ ಸಮಿತಿಗಳಿವೆ; ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಖಾಲಿ ಪುಟಕ್ಕೆ ಸಹಿ ಹಾಕಿಸುವುದು ಈ ಹಕ್ಕನ್ನು ಕಸಿದುಕೊಂಡಂತೆ.

ಕೊಯ್ಲು ಮುಗಿಯುವವರೆಗೆ ಸಭೆಯನ್ನು ಶಾಲೆಯಲ್ಲಿ ಕರೆಯಬೇಡಿ. ಸಂಜೆ ಅಡಿಕೆ ಸುಲಿಯುವ ಅಂಗಳಕ್ಕೆ ನೀವೇ ಹೋಗಿ. ಅಲ್ಲಿ ಕೈಗೆ ಕೆಲಸವಿರುತ್ತದೆ, ಕಿವಿ ಬಿಡುವಾಗಿರುತ್ತದೆ. ಮಗುವಿನ ಪುಸ್ತಕ ಒಯ್ದು ಒಂದು ಪುಟ ಓದಿಸಿ. ಮಗು ಸರಾಗವಾಗಿ ಓದುತ್ತಿದೆಯೇ, ತಡವರಿಸುತ್ತಿದೆಯೇ ಎಂಬುದು ಓದು ಬಾರದ ತಾಯಿಗೂ ಕಿವಿಯಲ್ಲೇ ತಿಳಿಯುತ್ತದೆ. ‘ದಿನಾ ರಾತ್ರಿ ಹತ್ತು ನಿಮಿಷ ಹೀಗೇ ಓದಿಸಿ ಕೇಳಿ’ ಎಂದರೆ ಆಕೆ ಖಂಡಿತ ಕೇಳುತ್ತಾಳೆ. ಓದು ಕಲಿಯುತ್ತಿರುವ ಮಗುವಿಗೆ ಕೂತು ಕೇಳುವವರು ಬೇಕು, ಅವರು ಪದವೀಧರರೇ ಆಗಬೇಕಿಲ್ಲ.

ಎರಡು ಎಚ್ಚರಿಕೆ. ಅಂಗಳದಲ್ಲಿ ಎಲ್ಲರೆದುರು ಮಗುವಿನ ಕೊರತೆ ಎತ್ತಿ ಆಡಬೇಡಿ; ಸರಾಗವಾಗಿ ಓದುವ ಪುಟವನ್ನೇ ಅಲ್ಲಿ ಓದಿಸಿ. ಶಾಲೆಯ ಮೇಲಿನ ದೂರುಗಳನ್ನೂ ಅಲ್ಲಿ ಕೇಳಬೇಡಿ. ತೋಟದ ಯಜಮಾನರ ಮುಂದೆ ಕೂಲಿಯವರು ಬಾಯಿ ಬಿಡುವುದಿಲ್ಲ. ಅದಕ್ಕೆ ಅವರ ಮನೆಗೇ ಹೋಗಬೇಕು.

ಮಳೆ ಹಿಡಿಯುವ ಮೊದಲು, ಮೇ ಕೊನೆಯಲ್ಲಿ, ಒಂದು ಸಭೆ ಮಾಡಿ. ವಿಷಯ ಒಂದೇ ಇರಲಿ: ಮಕ್ಕಳು ಕಾಲುಸಂಕ, ಅಂದರೆ ಹಳ್ಳದ ಮೇಲಿನ ಮರದ ಕಿರುಸೇತುವೆ, ದಾಟುವುದು. ಯಾವ ಹಳ್ಳ ಎಷ್ಟು ಮಳೆಗೆ ಏರುತ್ತದೆ, ಯಾವ ಸಂಕದ ಮರ ಕೊಳೆತು ಲಡ್ಡಾಗಿದೆ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಯಾವ ಕೇರಿಯ ಮಕ್ಕಳನ್ನು ಯಾರು ದಾಟಿಸುತ್ತಾರೆ ಎಂದು ಅವರೇ ತೀರ್ಮಾನಿಸಲಿ, ನೀವು ಬರೆದುಕೊಳ್ಳಿ. ಆ ಸಭೆಗೆ ಜನ ಬರುತ್ತಾರೆ.

ಪ್ರಶ್ನೆ: ಊರಿನ ದಾನಿಯೊಬ್ಬರನ್ನು ಎಸ್‌ಡಿಎಂಸಿ ಅಧ್ಯಕ್ಷರನ್ನಾಗಿ ಮಾಡಬಹುದೇ? ಅವರ ಮಕ್ಕಳು ನಮ್ಮ ಶಾಲೆಯಲ್ಲಿಲ್ಲ. (ಸಾಗರ)

ಉತ್ತರ: ಆಗದು. ಅಧ್ಯಕ್ಷರು ಪೋಷಕರೇ ಆಗಿರಬೇಕು.

ಪ್ರಶ್ನೆ: ಮೆದುಳಿನ ಶಕ್ತಿ ಎಬ್ಬಿಸುತ್ತೇವೆ ಎನ್ನುವ ‘ಮಿಡ್‌ಬ್ರೇನ್’ ಶಿಬಿರದವರು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರೆ. ಪೋಷಕರಿಂದ ಹಣ ಕೂಡಿಸಿ ಕರೆಸೋಣವೇ? (ಭದ್ರಾವತಿ)

ಉತ್ತರ: ಗೇಟಿನೊಳಗೆ ಬಿಡಬೇಡಿ. ಮಗು ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತದೆ, ಅಷ್ಟೇ. ದುಡ್ಡು ಹೋಗುವುದಕ್ಕಿಂತ ದೊಡ್ಡ ನಷ್ಟವೆಂದರೆ, ಅಪ್ಪ ಅಮ್ಮನ ಎದುರು ಸುಳ್ಳು ನಟಿಸಿ ಚಪ್ಪಾಳೆ ಪಡೆಯುವುದನ್ನು ಆ ಮಗುವಿಗೆ ಕಲಿಸುತ್ತಾರೆ. ಆ ಹಣದಲ್ಲಿ ಕಥೆ ಪುಸ್ತಕ ತನ್ನಿ.

ಪ್ರಶ್ನೆ: ಬ್ಯಾಗ್ ಕೊಡುವ ದಾನಿಗಳು ಮಕ್ಕಳ ಜೊತೆ ಫೋಟೊ ಬೇಕೆನ್ನುತ್ತಾರೆ. (ಸೊರಬ)

ಉತ್ತರ: ಬ್ಯಾಗ್‌ಗಳನ್ನು ಕಚೇರಿಯಲ್ಲಿ ಪಡೆದು ರಸೀದಿ ಕೊಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ.